ಗಂಟು ಕೂದಲಿಗೆ, ನೋವು ಬೇರಿಗೆ

ನಮ್ಮ ಮನೆಗಳಲ್ಲಿ ಕೂದಲು ಸಿಕ್ಕಾಗುವುದೆಂದರೆ ಅಲಕ್ಷ್ಯದ ಲಕ್ಷಣ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚಿ ಹೆಣೆದರೇ ತಲೆ ಒಪ್ಪವಾಗಿದೆ ಎಂದು ಹಿರಿಯರಿಗೆ ಸಮಾಧಾನ. ಆದರೆ ಕೂದಲನ್ನು ಬಾಚದೆ, ಬೇಕೆಂದೇ ಸಿಕ್ಕುಗಟ್ಟಿಸಿ, ಬೆರಳುಗಾತ್ರದ ಹುರಿಗಳನ್ನಾಗಿ ಬೆಳೆಸುವ ಪದ್ಧತಿಯೂ ಜಗತ್ತಿನಲ್ಲಿದೆ. ಈ ಹುರಿಗಳಿಗೆ ಡ್ರೆಡ್‌ಲಾಕ್ಸ್ ಎಂದೋ, ಚಿಕ್ಕದಾಗಿ ಲಾಕ್ಸ್ ಎಂದೋ ಹೆಸರು. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಚಿತ್ರ ನೋಡಿದವರಿಗೆ ಇವು ಹೇಗಿರುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಫ್ರಿಕಾದಲ್ಲಿ, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ಅಮೆರಿಕದ ಕಪ್ಪು ಜನರಲ್ಲಿ ಇದು ಬರಿಯ ಫ್ಯಾಷನ್ ಅಲ್ಲ. 1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಪಂಥದ ಅನೇಕರಿಗೆ ಇದೊಂದು ವ್ರತ. ಇನ್ನು ಹಲವರಿಗೆ, ಹುಟ್ಟಿನಿಂದ ಬಂದ ಗುಂಗುರು ಕೂದಲನ್ನು ಬಿಸಿ ಇಸ್ತ್ರಿಯಿಂದಲೋ ರಾಸಾಯನಿಕಗಳಿಂದಲೋ ನೇರ ಮಾಡಿಕೊಳ್ಳದೆ ಇದ್ದಂತೆಯೇ ಇರಿಸಿಕೊಳ್ಳುವ ಸ್ವಾಭಿಮಾನದ ಪ್ರಶ್ನೆ. ಇದೇ ಕಾರಣಕ್ಕೆ ಶಾಲೆಗಳಲ್ಲಿ, ಕಚೇರಿಗಳಲ್ಲಿ ಅವಮಾನ ಅನುಭವಿಸಿದವರೂ ಉಂಟು. ಕೂದಲಿನ ರೀತಿ ನೋಡಿ ಭೇದ ಮಾಡಬಾರದೆಂದು ಅಮೆರಿಕದಲ್ಲಿ ಮೊದಲು ಕಾನೂನು ತಂದ ರಾಜ್ಯ ಕ್ಯಾಲಿಫೋರ್ನಿಯಾ. ಅದು 2019ರಲ್ಲಿ.

ಓದಲೆಂದು ಹೊರದೇಶಕ್ಕೆ ಹೋದ ನಮ್ಮ ಮಕ್ಕಳಲ್ಲಿ, ಬೆಂಗಳೂರಿನಂಥ ನಗರಗಳ ಯುವಕ ಯುವತಿಯರಲ್ಲಿ ಕೆಲವರು ಈಗ ಹೀಗೆ ಕೂದಲು ಬಿಡುವುದುಂಟು. ರಜೆಗೆ ಮನೆಗೆ ಬಂದಾಗ ತಂದೆತಾಯಿ ಕೇಳುವ ಪ್ರಶ್ನೆಗಳು ಎರಡೇ: ‘ಇದು ಕೊಳಕಲ್ಲವೆ?’, ‘ಇದರಿಂದ ತಲೆ ಬೋಳಾಗುವುದಿಲ್ಲವೆ?’ ಮೊದಲನೆಯದಕ್ಕೆ ಉತ್ತರ, ತೊಳೆದು ಒಣಗಿಸಿಕೊಳ್ಳುವವರಿಗೆ ಇದು ಕೊಳಕಲ್ಲ. ಎರಡನೆಯದಕ್ಕೆ ಉತ್ತರ, ಬುಡವನ್ನು ಕಟ್ಟುವ ಕೈ ಎಷ್ಟು ಹಗುರವಾಗಿದೆ ಎಂಬುದನ್ನು ಅವಲಂಬಿಸಿದೆ. ಬುಡ ಕಟ್ಟುವ ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವ ಒಂದು ವಿಧಾನಕ್ಕೆ ಲ್ಯಾಚಿಂಗ್ ಎನ್ನುತ್ತಾರೆ. ಅದನ್ನು ಸರಿಯಾಗಿ ಮಾಡುವುದು ಹೇಗೆ, ತಪ್ಪಾಗಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಈ ವಾರ ನೋಡೋಣ.

ಕೂದಲಿಗೆ ಜೀವವಿಲ್ಲ, ಬೇರಿಗಿದೆ

ಚರ್ಮದಿಂದ ಹೊರಗೆ ಕಾಣುವ ಕೂದಲು ನಿರ್ಜೀವ ವಸ್ತು. ಅದು ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದನ್ನು ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ. ಜೀವ ಇರುವುದು ಚರ್ಮದೊಳಗಿನ ರೋಮಕೂಪದಲ್ಲಿ. ಅಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಹೊಸ ಜೀವಕೋಶಗಳು ಹುಟ್ಟುತ್ತವೆ. ಕೂದಲನ್ನು ಹೆಣೆಯಿರಿ, ಹೊಸೆಯಿರಿ, ಗಂಟು ಹಾಕಿರಿ, ರೋಮಕೂಪಕ್ಕೆ ಅದರಿಂದ ತೊಂದರೆಯಿಲ್ಲ. ಎಳೆದಾಗ ಮಾತ್ರ ಅದಕ್ಕೆ ಪೆಟ್ಟು. ಮುಂದೆ ಹೇಳುವ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚುವವರಿಗೆ ಉದುರಿದ ಕೂದಲು ಬಾಚಣಿಗೆಯಲ್ಲಿ ಸಿಗುತ್ತದೆ. ಬಾಚದಿದ್ದರೆ ಅದು ಅಕ್ಕಪಕ್ಕದ ಕೂದಲಿಗೆ ಸುತ್ತಿಕೊಂಡು ಅಲ್ಲೇ ಉಳಿಯುತ್ತದೆ. ಹೀಗೆ ಬೆಳೆಯುವ ಕೂದಲೂ ಉದುರಿದ ಕೂದಲೂ ಒಂದಕ್ಕೊಂದು ಹೊಸೆದುಕೊಂಡು ಹುರಿಯಾಗುತ್ತವೆ.

ಆಫ್ರಿಕಾ ಮೂಲದವರ ಕೂದಲು ಇದಕ್ಕೆ ಹೇಳಿಮಾಡಿಸಿದಂತಿದೆ. ಅವರ ರೋಮಕೂಪ ಬಾಗಿರುತ್ತದೆ. ಕೂದಲನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಪ್ಪಟೆಯಾದ ಅಂಡಾಕಾರ ಕಾಣುತ್ತದೆ. ಹಾಗಾಗಿ ಅದು ಸ್ಪ್ರಿಂಗಿನಂತೆ ಸುರುಳಿಯಾಗಿ ಬೆಳೆಯುತ್ತದೆ, ಸುರುಳಿಗೆ ಸುರುಳಿ ಸಿಕ್ಕಿಕೊಳ್ಳುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲೂ ಇಂಥ ಗುಂಗುರು ಕೂದಲು ಕಾಣಬಹುದು. ಕೂದಲು ನೇರವಾಗಿರುವವರಲ್ಲಿ ಅದು ದುಂಡಗಿರುತ್ತದೆ, ನುಣುಪಾಗಿ ಜಾರುತ್ತದೆ. ಈ ವ್ಯತ್ಯಾಸ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಬುಡ ಕಟ್ಟುವುದು ಏಕೆ?

ಹುರಿ ಗಟ್ಟಿಯಾದ ಮೇಲೂ ಬುಡದಲ್ಲಿ ಹೊಸ ಕೂದಲು ಬೆಳೆಯುತ್ತಲೇ ಇರುತ್ತದೆ. ಎರಡು ತಿಂಗಳಲ್ಲಿ ಸುಮಾರು 2 ಸೆಂಟಿಮೀಟರಿನಷ್ಟು ಬಿಡಿ ಕೂದಲು ಹುರಿಗೂ ಚರ್ಮಕ್ಕೂ ನಡುವೆ ನಿಲ್ಲುತ್ತದೆ. ಅದನ್ನು ಹಾಗೇ ಬಿಟ್ಟರೆ ಪಕ್ಕದ ಹುರಿಯ ಕೂದಲಿನೊಂದಿಗೆ ಸೇರಿ ಎರಡು ಹುರಿಗಳು ಬುಡದಲ್ಲಿ ಒಂದಾಗಿಬಿಡುತ್ತವೆ. ಹಾಗೆ ಕೂಡಿದ್ದನ್ನು ನಂತರ ಕಿತ್ತು ಬೇರ್ಪಡಿಸುವಾಗ ಬೇರಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಆಗಾಗ ಬುಡವನ್ನು ಒತ್ತಟ್ಟು ಮಾಡಬೇಕು.

ಇದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಬುಡದ ಕೂದಲಿಗೆ ಸ್ವಲ್ಪ ಲೋಳೆಸರದ ತಿಳಿ ಅಥವಾ ತೆಳುವಾದ ಜೆಲ್ ಹಚ್ಚಿ, ಬತ್ತಿ ಹೊಸೆದಂತೆ ಅಂಗೈಯಲ್ಲೋ ಬೆರಳಲ್ಲೋ ಹೊಸೆಯುವುದು. ಇದು ಮೃದುವಾದ ವಿಧಾನ. ಆದರೆ ಬೆವರಿದರೆ, ಈಜಿದರೆ, ತಲೆ ತೊಳೆದರೆ ಬಿಚ್ಚಿಕೊಳ್ಳುತ್ತದೆ. ಎರಡನೆಯದು ಲ್ಯಾಚಿಂಗ್. ಹುರಿಯ ತುದಿಯನ್ನು ಬುಡದ ಬಿಡಿ ಕೂದಲಿನ ನಡುವಿನಿಂದ ತೂರಿಸಿ ಎಳೆದು, ಅಲ್ಲೊಂದು ಹೆಣಿಗೆ ಮೂಡಿಸುವುದು. ಇದಕ್ಕೆ ಜೆಲ್ ಬೇಕಿಲ್ಲ, ನೀರಿಗೆ ಬಿಚ್ಚುವುದಿಲ್ಲ. 1993ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಜೋಆನ್ ಕಾರ್ನ್‌ವೆಲ್ ಎಂಬವರು ರೂಪಿಸಿದ ಸಿಸ್ಟರ್‌ಲಾಕ್ಸ್ ಎಂಬ ಬಹು ಸಣ್ಣ ಹುರಿಗಳ ಪದ್ಧತಿಯೂ ಇಂಥ ಹೆಣಿಗೆಯನ್ನೇ ಆಧರಿಸಿದೆ. ಬಾಳಿಕೆ ಹೆಚ್ಚು ಎಂಬುದು ಲ್ಯಾಚಿಂಗ್‌ನ ಗುಣ. ಒಮ್ಮೆ ಬಿಗಿದದ್ದನ್ನು ಸುಲಭವಾಗಿ ಸಡಿಲಿಸಲಾಗದು ಎಂಬುದು ಅದರ ದೋಷ.

ಮಾಡುವ ಕ್ರಮ

ಬೇಕಾಗುವ ವಸ್ತುಗಳು ಹೆಚ್ಚಿಲ್ಲ. ತುದಿಯಲ್ಲಿ ದೊಡ್ಡ ಕಣ್ಣಿರುವ ಮೊಂಡಾದ ಸೂಜಿಯಂಥ ಲ್ಯಾಚಿಂಗ್ ಕಡ್ಡಿ ಅಥವಾ ಬಾಯಿ ಮುಚ್ಚಿಕೊಳ್ಳುವ ಕೊಕ್ಕೆ, ನಾಲ್ಕಾರು ಕ್ಲಿಪ್ಪುಗಳು, ಎರಡು ಕನ್ನಡಿಗಳು, ಒಳ್ಳೆಯ ಬೆಳಕು. ಕಸೂತಿಯ ಕ್ರೋಶೆ ಕಡ್ಡಿಯ ಚೂಪು ಬಾಯಿ ಕೂದಲಿನ ಎಳೆಗಳನ್ನು ಕತ್ತರಿಸುತ್ತದೆ. ಬುಡದ ಕೆಲಸಕ್ಕೆ ಅದು ಬೇಡ.

1. ಮೊದಲು ತಲೆ ತೊಳೆದು ಒಣಗಿಸಿಕೊಳ್ಳಿ. ಪೂರ್ತಿ ಒದ್ದೆಯಾದ ಕೂದಲನ್ನು ಲ್ಯಾಚ್ ಮಾಡಬೇಡಿ. ಒದ್ದೆ ಕೂದಲು ಹಿಗ್ಗಿರುತ್ತದೆ. ಹಿಗ್ಗಿದ್ದಾಗ ಕಟ್ಟಿದ ಗಂಟು ಒಣಗಿದಾಗ ಇನ್ನಷ್ಟು ಬಿಗಿಯುತ್ತದೆ. ಬಿಡಿ ಕೂದಲು ಕೈಗೆ ಸಿಗದಿದ್ದರೆ ಬೆರಳಿಗೆ ತುಸು ನೀರು ಮುಟ್ಟಿಸಿಕೊಂಡರೆ ಸಾಕು.

2. ಬುಡದ ಬಿಡಿ ಕೂದಲನ್ನು ಅಳೆಯಿರಿ. ಸುಮಾರು ಒಂದೂವರೆಯಿಂದ 2 ಸೆಂಟಿಮೀಟರ್ ಬೆಳೆದಿರಬೇಕು. 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅಂದು ಮುಟ್ಟಲೇಬೇಡಿ. 6ರಿಂದ 8 ವಾರಗಳಿಗೊಮ್ಮೆ ಮಾಡಿದರೆ ಸಾಕು. ಹಳೆಯ ಗಟ್ಟಿ ಹುರಿಗಳಿಗೆ ಇನ್ನೂ ತಡವಾದರೂ ನಷ್ಟವಿಲ್ಲ.

3. ಒಂದು ಹುರಿಯನ್ನು ಮಾತ್ರ ಬಿಟ್ಟು ಉಳಿದವನ್ನು ಕ್ಲಿಪ್ಪಿನಿಂದ ಪಕ್ಕಕ್ಕೆ ಹಿಡಿಯಿರಿ. ಪಕ್ಕದ ಹುರಿಯ ಕೂದಲು ಸೇರಿಕೊಂಡಿದ್ದರೆ ಬೆರಳಿನಿಂದ ಮೆಲ್ಲಗೆ ಬಿಡಿಸಿ. ಪ್ರತಿ ಹುರಿಗೂ ಅದರದೇ ಚೌಕ ಜಾಗವಿರಬೇಕು. ತನ್ನ ಜಾಗದ ಕೂದಲಷ್ಟೇ ಆ ಹುರಿಯನ್ನು ಹೊರಬೇಕು.

4. ಬಿಡಿ ಕೂದಲಿನ ನಟ್ಟನಡುವೆ ಕಡ್ಡಿಯನ್ನು ಬಲದಿಂದ ಎಡಕ್ಕೆ ತೂರಿಸಿ. ಹುರಿಯ ತುದಿಯನ್ನು ಅದರ ಕಣ್ಣಿಗೆ ಸಿಕ್ಕಿಸಿ ನಿಧಾನವಾಗಿ ಎಳೆದು, ಇಡೀ ಹುರಿ ಈಚೆ ಬರುವಂತೆ ಮಾಡಿ. ಎಳೆಯುವಾಗ ಇನ್ನೊಂದು ಕೈಯ ಬೆರಳುಗಳಿಂದ ಬುಡವನ್ನು ಹಿಡಿದಿರಬೇಕು. ಆಗ ಎಳೆತ ನಿಮ್ಮ ಬೆರಳಿಗೆ ತಗಲುತ್ತದೆ, ಬೇರಿಗೆ ತಗಲುವುದಿಲ್ಲ.

5. ಎರಡನೆಯ ಸಲ ಮೇಲಿನಿಂದ ಕೆಳಕ್ಕೆ, ಮೂರನೆಯ ಸಲ ಎಡದಿಂದ ಬಲಕ್ಕೆ, ನಾಲ್ಕನೆಯ ಸಲ ಕೆಳಗಿನಿಂದ ಮೇಲಕ್ಕೆ ತೂರಿಸಿ. ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಎಳೆದರೆ ಹೆಣಿಗೆಯ ನಡುವೆ ತೂತು ಬೀಳುತ್ತದೆ. ಬುಡ ಕವೆಗೋಲಿನಂತೆ ಇಬ್ಭಾಗವಾಗುತ್ತದೆ. ಹೀಗೆ ಕವಲೊಡೆದ ಬುಡದ ಒಂದು ಕಾಲು ಹರಿದರೆ ಇಡೀ ಹುರಿಯ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಯಾವ ದಿಕ್ಕಿನಲ್ಲಿ ನಿಲ್ಲಿಸಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದರ ನಂತರದ ದಿಕ್ಕಿನಿಂದ ಶುರುಮಾಡಬಹುದು.

6. ಚರ್ಮದವರೆಗೂ ಹೋಗಬೇಡಿ. ಕೆಲವು ಮಿಲಿಮೀಟರ್ ಬಿಡಿ ಕೂದಲು ಉಳಿದಿರುವಾಗಲೇ ನಿಲ್ಲಿಸಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ತೂರಿಸುವಷ್ಟರಲ್ಲಿ ಈ ಹಂತ ಬರುತ್ತದೆ. ಕಡ್ಡಿ ತೂರಲು ಜಾಗ ಸಾಲದೆ ಬಲ ಹಾಕಬೇಕಾಯಿತು ಎಂದರೆ ಆಗಲೇ ಒಂದು ಹೆಜ್ಜೆ ಹೆಚ್ಚಾಗಿದೆ ಎಂದರ್ಥ.

ಮುಗಿದ ಮೇಲೆ ಹುರಿಯನ್ನು ಹಿಡಿದು ನಾಲ್ಕೂ ಕಡೆಗೆ ಬಾಗಿಸಿ ನೋಡಿ. ಸಲೀಸಾಗಿ ಬಾಗಬೇಕು. ಹುರಿ ನೆಟ್ಟಗೆ ನಿಂತರೆ, ಅದರ ಬುಡದಲ್ಲಿ ಚರ್ಮ ಡೇರೆಯ ಬಟ್ಟೆಯಂತೆ ಮೇಲಕ್ಕೆದ್ದರೆ, ಬಿಗಿ ಹೆಚ್ಚಾಗಿದೆ. ಕೊನೆಯ ಹೆಣಿಗೆಯನ್ನು ಅಂದೇ ಬಿಚ್ಚಿಬಿಡಬೇಕು. ಅಂದಾದರೆ ಅದು ಬರುತ್ತದೆ, ವಾರ ಕಳೆದರೆ ಬರುವುದಿಲ್ಲ.

ಇಡೀ ತಲೆಯನ್ನು ಒಂದೇ ಕೂತದಲ್ಲಿ ಮುಗಿಸುವ ಹಟ ಬೇಡ. ತಲೆಯಲ್ಲಿ ನೂರು ಹುರಿಗಳಿದ್ದರೆ ಹಲವು ಗಂಟೆಗಳ ಕೆಲಸ. ತೋಳು ಸೋತಾಗ ಕೈ ಹದ ತಪ್ಪುತ್ತದೆ, ಎಳೆತ ಹೆಚ್ಚುತ್ತದೆ. ದಿನಕ್ಕೆ ಕಾಲು ಭಾಗದಂತೆ ನಾಲ್ಕು ದಿನಗಳಲ್ಲಿ ಮಾಡಿಕೊಳ್ಳಿ. ಹಿಂದಲೆಯ ಭಾಗಕ್ಕೆ ಮನೆಯವರ ಸಹಾಯ ಪಡೆಯಿರಿ. ನೋವಾದರೆ ನೀವು ಹೇಳಬೇಕು, ಹೇಳಿದ ಕೂಡಲೇ ಅವರು ನಿಲ್ಲಿಸಬೇಕು.

ಎಳೆತದಿಂದ ಬರುವ ಬೋಳು

ಮಲ್ಲಿಗೆ ಮೊಗ್ಗು ಕಟ್ಟುವವರಿಗೆ ಗೊತ್ತು: ದಾರ ಸಡಿಲವಾದರೆ ಹೂ ಜಾರುತ್ತದೆ, ಬಿಗಿಯಾದರೆ ತೊಟ್ಟೇ ಕತ್ತರಿಸುತ್ತದೆ. ಬುಡದ ಗಂಟಿಗೂ ಅದೇ ಹದ ಬೇಕು. ಬಿಗಿಯಾಗಿ ಎಳೆದ ಕೂದಲಿನ ಬೇರು ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಸಿಕೊಂಡೇ ಇದ್ದರೆ ರೋಮಕೂಪದ ಸುತ್ತ ಉರಿಯೂತ ಉಂಟಾಗುತ್ತದೆ. ಮೊದಮೊದಲು ಕೂದಲು ಸಣ್ಣದಾಗಿ ಉದುರುತ್ತದೆ. ಈ ಹಂತದಲ್ಲಿ ಎಳೆತ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಮುಂದುವರಿದರೆ ರೋಮಕೂಪ ಸತ್ತು ಆ ಜಾಗದಲ್ಲಿ ಕಲೆಗಟ್ಟಿದ ನುಣುಪು ಚರ್ಮ ಉಳಿಯುತ್ತದೆ. ಆಮೇಲೆ ಯಾವ ಎಣ್ಣೆಯೂ ಯಾವ ಔಷಧವೂ ಅಲ್ಲಿ ಕೂದಲು ಬೆಳೆಸಲಾರದು. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೊಪೇಶಿಯಾ ಎನ್ನುತ್ತಾರೆ. ಕನ್ನಡದಲ್ಲಿ ‘ಎಳೆತದ ಬೋಳು’ ಎನ್ನಬಹುದು.

ಇದು ಲಾಕ್ಸ್ ಬಿಟ್ಟವರಿಗಷ್ಟೇ ಬರುವ ತೊಂದರೆ ಎಂದು ತಿಳಿಯಬೇಡಿ. 1907ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಹಿಮದ ನಾಡಾದ ಗ್ರೀನ್‌ಲೆಂಡಿನ ಹೆಂಗಸರಲ್ಲಿ. ಅವರು ಕೂದಲನ್ನು ಬಿಗಿಯಾಗಿ ಎಳೆದು ಜುಟ್ಟು ಕಟ್ಟುತ್ತಿದ್ದರು. ಪೇಟದೊಳಗೆ ಕೂದಲನ್ನು ಬಿಗಿದು ಗಂಟು ಕಟ್ಟುವ ಸಿಖ್ ಪುರುಷರಲ್ಲೂ ಇದು ಕಂಡುಬಂದಿದೆ. ನಮ್ಮ ಶಾಲೆಯ ಹುಡುಗಿಯರಿಗೆ ಸಂಜೆಯವರೆಗೆ ಒಂದೆಳೆಯೂ ಕದಲದಂತೆ ಎರಡು ಜಡೆ ಬಿಗಿಯುವ ತಾಯಂದಿರೂ ಇದನ್ನು ಗಮನಿಸಬೇಕು. ಜಡೆ ಹಾಕಿದ ಮೇಲೆ ಮಗಳ ಹುಬ್ಬು ಮೇಲಕ್ಕೆಳೆದಂತೆ ಕಂಡರೆ, ತಲೆನೋವೆಂದು ಅವಳು ಹೇಳಿದರೆ, ಜಡೆಯನ್ನು ಬಿಚ್ಚಿ ಸಡಿಲವಾಗಿ ಹೆಣೆಯಿರಿ. ಭಾರದ ಚೌರಿ, ಕುಚ್ಚು, ಮದುವೆಯ ಜಡೆಬಿಲ್ಲೆ ಒಂದು ದಿನಕ್ಕೆ ಸರಿ, ದಿನವೂ ಅಲ್ಲ.

ಲಾಕ್ಸ್ ಬಿಟ್ಟವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬಾಚುವವರಿಗೆ ಕೂದಲು ಹೆಚ್ಚಾಗಿ ಉದುರುತ್ತಿದ್ದರೆ ಬಾಚಣಿಗೆಯೇ ಸುದ್ದಿ ಹೇಳುತ್ತದೆ. ಹುರಿಯಲ್ಲಿ ಉದುರಿದ ಕೂದಲು ಹುರಿಯೊಳಗೇ ಉಳಿಯುವುದರಿಂದ ಹುರಿ ದಪ್ಪಗೆ ಕಾಣುತ್ತಿರುತ್ತದೆ, ಬುಡ ಮಾತ್ರ ಸದ್ದಿಲ್ಲದೆ ಸವೆಯುತ್ತಿರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಹಣೆಯಂಚು, ಕಪೋಲದ ಮೇಲ್ಭಾಗ, ಕಿವಿಯ ಹಿಂಭಾಗದ ಬುಡಗಳನ್ನು ಬೇರೊಬ್ಬರಿಂದ ನೋಡಿಸಿಕೊಳ್ಳಿ. ಒಂದೇ ಜಾಗದ ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಲು ಅನುಕೂಲ.

ಈ ಸೂಚನೆಗಳನ್ನು ಕಡೆಗಣಿಸಬೇಡಿ:

* ಲ್ಯಾಚ್ ಮಾಡಿದ ಮರುದಿನವೂ ಮಲಗಲಾಗದಷ್ಟು ನೋವು ಅಥವಾ ತಲೆಸಿಡಿತ.
* ಹುರಿಗಳ ಬುಡದಲ್ಲಿ ಕೆಂಪು, ಸಣ್ಣ ಗುಳ್ಳೆ, ಕೀವು.
* ಹುರಿಗಳ ನಡುವಿನ ಚರ್ಮದ ಗೆರೆಗಳು ಅಗಲವಾಗುತ್ತಾ ಹೋಗುವುದು.
* ಹಣೆಯಂಚು ಹಿಂದೆ ಸರಿದು, ಮುಂದೆ ತೆಳ್ಳನೆಯ ಮೋಟು ಕೂದಲಿನ ಒಂದು ಸಾಲಷ್ಟೇ ಉಳಿಯುವುದು.
* ಹುರಿಯ ಬುಡ ದಾರದಂತೆ ತೆಳುವಾಗಿ ಹುರಿ ಜೋತಾಡುವುದು.

ಇವುಗಳಲ್ಲಿ ಯಾವುದು ಕಂಡರೂ ಲ್ಯಾಚಿಂಗ್ ನಿಲ್ಲಿಸಿ. ಬಿಗಿದದ್ದನ್ನು ಸಡಿಲಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಕೀವು ಇದ್ದರೆ ಔಷಧ ಬೇಕಾಗುತ್ತದೆ. ‘ರೂಢಿಯಾದರೆ ನೋವು ಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಬೇರು ಇನ್ನೂ ಜೀವಂತವಾಗಿದೆ ಎಂದು ಹೇಳುವುದೇ ಆ ನೋವು.

ತೊಳೆಯುವುದು, ಒಣಗಿಸುವುದು

ಲಾಕ್ಸ್ ತೊಳೆಯಬಾರದು ಎಂಬುದು ತಪ್ಪು ತಿಳಿವಳಿಕೆ. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ವಾರಕ್ಕೊಮ್ಮೆ ತೊಳೆಯಬೇಕು. ಶಾಂಪೂವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಹುರಿಗಳ ನಡುವೆ ಚರ್ಮಕ್ಕೆ ತಾಗುವಂತೆ ಸುರಿದು, ಉಗುರು ತಾಕಿಸದೆ ಬೆರಳ ತುದಿಯಿಂದ ಉಜ್ಜಿ. ನೊರೆ ಹರಿದು ಹೋಗುವಾಗ ಹುರಿಯೂ ತೊಳೆದಂತಾಗುತ್ತದೆ. ಸೀಗೆಪುಡಿ, ಅಂಟುವಾಳದ ಪುಡಿಯನ್ನು ಹಾಗೇ ಹಚ್ಚಿದರೆ ಅದರ ಚರಟ ಹುರಿಯೊಳಗೆ ಸೇರಿ ಹೊರಬರುವುದಿಲ್ಲ. ಬೇಕಿದ್ದರೆ ನೆನೆಸಿ ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಬಳಸಿ. ಮೇಣ, ದಪ್ಪ ಗ್ರೀಸಿನಂಥ ಕ್ರೀಮುಗಳೂ ಬೇಡ.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಹುರಿಯ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಹಸಿ ಹುರಿಗಳನ್ನು ಗಂಟು ಕಟ್ಟಿಕೊಂಡು ಮಲಗಿದರೆ ಒಳಗೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬೆಳಿಗ್ಗೆಯೇ ತೊಳೆದು, ಹತ್ತಿ ಟವೆಲಿನಲ್ಲಿ ಹುರಿಗಳನ್ನು ಹಿಂಡಿ, ಫ್ಯಾನಿನ ಕೆಳಗೋ ಎಳೆಬಿಸಿಲಿನಲ್ಲೋ ಪೂರ್ತಿ ಒಣಗಿಸಿ. ಉದ್ದನೆಯ ಹುರಿಗಳು ಒದ್ದೆಯಾದಾಗ ಬಹಳ ತೂಗುತ್ತವೆ. ಆಗ ಅವನ್ನು ಎತ್ತಿ ಬಿಗಿದು ತುರುಬು ಕಟ್ಟಿದರೆ ಎಲ್ಲ ಭಾರವೂ ಹಣೆಯಂಚಿನ ಬೇರುಗಳ ಮೇಲೆ ಬೀಳುತ್ತದೆ.

ತಲೆಹೊಟ್ಟು ಇದ್ದರೆ ಕೀಟೊಕೊನಜೋಲ್ ಇರುವ ಶಾಂಪೂವನ್ನು ವೈದ್ಯರ ಸಲಹೆಯಂತೆ ಬಳಸಬಹುದು. ಚರ್ಮದ ಮೇಲೆ ಐದು ನಿಮಿಷ ಬಿಟ್ಟು ತೊಳೆಯಬೇಕು. ತಲೆಹೊಟ್ಟಿಗೆ ಎಣ್ಣೆ ಸುರಿಯುವುದು ನಮ್ಮ ವಾಡಿಕೆ. ಆದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯ ಜಿಡ್ಡೇ ಆಹಾರ. ಹೊಟ್ಟು ಇಲ್ಲದವರು ಕೊಬ್ಬರಿ ಎಣ್ಣೆಯ ಕೆಲವು ಹನಿಗಳನ್ನು ಬೆರಳ ತುದಿಯಲ್ಲಿ ಹಚ್ಚಿಕೊಂಡರೆ ಅಡ್ಡಿಯಿಲ್ಲ.

ನೇರ ಕೂದಲಿನವರಿಗೆ

ನಮ್ಮಲ್ಲಿ ಬಹುಮಂದಿಯ ಕೂದಲು ನೇರ ಅಥವಾ ಅಲೆಅಲೆ. ಇಂಥ ಕೂದಲಿನಲ್ಲಿ ಲ್ಯಾಚಿಂಗ್ ಅಷ್ಟಾಗಿ ನಿಲ್ಲುವುದಿಲ್ಲ. ನುಣುಪು ಕೂದಲು ಗಂಟಿನಿಂದ ಜಾರುತ್ತದೆ, ಅಲ್ಲಲ್ಲಿ ಕುಣಿಕೆಗಳು ಹೊರಬರುತ್ತವೆ. ಜಾರುತ್ತದೆಂದು ಇನ್ನಷ್ಟು ಬಿಗಿಯುವುದು, ವಾರವಾರವೂ ಬಿಗಿಯುವುದು, ಇಲ್ಲೇ ಅನಾಹುತ ಆರಂಭವಾಗುವುದು. ನೇರ ಕೂದಲಿನವರು ಬುಡ ತುಸು ಸಡಿಲವಾಗಿಯೇ ಇರುತ್ತದೆಂದು ಒಪ್ಪಿಕೊಳ್ಳಬೇಕು. ಬುಡದ ಬಿಡಿ ಕೂದಲನ್ನು ಬೆರಳಿನಿಂದ ಚರ್ಮದ ಮೇಲೆಯೇ ಮೆಲ್ಲಗೆ ಸುತ್ತಾಡಿಸಿ ಸಿಕ್ಕುಗಟ್ಟಿಸುವುದೇ ಅವರಿಗೆ ಕ್ಷೇಮ. ಹುರಿಗಳು ಹೆಬ್ಬೆರಳು ದಪ್ಪ ಇದ್ದರೂ ಲ್ಯಾಚಿಂಗ್ ಬೇಡ. ಅಷ್ಟು ದಪ್ಪದ ಹುರಿ ಬುಡದ ನಡುವೆ ತೂರುವಾಗ ಎಳೆಗಳು ಹರಿಯುತ್ತವೆ.

ತಾನಾಗಿ ಕಟ್ಟಿದ ಜಟೆ

ಇಷ್ಟರವರೆಗೆ ಹೇಳಿದ್ದು ಇಷ್ಟಪಟ್ಟು ಬೆಳೆಸಿದ ಹುರಿಗಳ ಮಾತು. ನಮ್ಮ ನಾಡಿನಲ್ಲಿ ಇಷ್ಟವಿಲ್ಲದೆಯೂ ಕೂದಲು ಜಟೆಗಟ್ಟುವುದುಂಟು. ದೀರ್ಘ ಕಾಯಿಲೆಯಿಂದ ಹಾಸಿಗೆ ಹಿಡಿದವರಲ್ಲಿ, ಹೇನು ಅಥವಾ ತಲೆಯ ಹುಣ್ಣಿನಿಂದ ಬಳಲುವವರಲ್ಲಿ, ಮನಸ್ಸಿನ ಬೇಗೆಯಿಂದ ಮೈಮೇಲಿನ ಆಸ್ಥೆ ಕಳೆದುಕೊಂಡವರಲ್ಲಿ, ಬಾಚಲು ಬಿಡುವೇ ಇಲ್ಲದ ಬಡ ಹೆಂಗಸರಲ್ಲಿ ಕೂದಲು ಒಂದು ಉಂಡೆಯಾಗಿ ಬಿಡಿಸಲಾಗದಂತೆ ಗಟ್ಟಿಯಾಗುತ್ತದೆ. ಕಾರಣ ಮೇಲೆ ಹೇಳಿದ್ದೇ: ಉದುರಿದ ಕೂದಲು ಹೊರಬಾರದೆ ಸುತ್ತಿಕೊಳ್ಳುವುದು. ಅಂಟು, ಜಿಡ್ಡು, ಧೂಳು ಸೇರಿ ಅದನ್ನು ಗಟ್ಟಿ ಮಾಡುತ್ತವೆ.

ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಕೆಲವು ಕಡೆ ಇದನ್ನು ಎಲ್ಲಮ್ಮ ದೇವಿಯ ಕರೆ ಎಂದು ತಿಳಿಯುತ್ತಿದ್ದರು. ಹುಡುಗಿಯ ತಲೆಯಲ್ಲಿ ಜಟೆ ಕಂಡಿತೆಂದು ಅವಳನ್ನು ದೇವದಾಸಿಯಾಗಿ ಬಿಟ್ಟ ಉದಾಹರಣೆಗಳಿವೆ. ಅಂಥ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. ಆದರೂ ಜಟೆ ಕತ್ತರಿಸಿದರೆ ಮನೆಗೆ ಕೇಡು, ರಕ್ತ ಬರುತ್ತದೆ, ಕಣ್ಣು ಹೋಗುತ್ತದೆ ಎಂಬ ಭಯ ಪೂರ್ತಿ ಅಳಿದಿಲ್ಲ. ಕತ್ತಿನ ನೋವು, ಹೇನು, ತುರಿಕೆ, ಹುಣ್ಣು, ನಿದ್ದೆಗೇಡು ಎಲ್ಲವನ್ನೂ ಸಹಿಸಿಕೊಂಡು ವರ್ಷಗಟ್ಟಲೆ ಅದನ್ನು ಹೊತ್ತವರಿದ್ದಾರೆ.

ಈ ಭಯ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಯುರೋಪಿನ ಪೋಲೆಂಡಿನಲ್ಲಿ ಜಟೆ ಎಷ್ಟು ಸಾಮಾನ್ಯವಾಗಿತ್ತೆಂದರೆ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಆ ದೇಶದ ಹೆಸರೇ ಬಿತ್ತು. ದೇಹದ ರೋಗವೆಲ್ಲ ಅದರ ಮೂಲಕ ಹೊರಬರುತ್ತದೆ, ಕತ್ತರಿಸಿದರೆ ರೋಗ ಒಳಗೇ ತಿರುಗುತ್ತದೆ ಎಂದು ಅಲ್ಲಿಯವರೂ ಹೆದರುತ್ತಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಇದು ರೋಗವಲ್ಲ, ಕೂದಲಿನ ಆರೈಕೆ ಇಲ್ಲದ್ದರ ಫಲ ಎಂದು ತೋರಿಸಿ, ಕತ್ತರಿಸಿಕೊಳ್ಳಿರೆಂದು ಜನರನ್ನು ಒಪ್ಪಿಸತೊಡಗಿದರು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಹೆಂಗಸರ ಮನವೊಲಿಸಿ ಇಂಥ ಜಟೆಗಳನ್ನು ಕತ್ತರಿಸುತ್ತ ಬಂದಿದ್ದಾರೆ.

ಜಟೆ ಕತ್ತರಿಸುವುದಕ್ಕೆ ಮುಹೂರ್ತವೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಚರ್ಮದಿಂದ ಒಂದು ಬೆರಳಿನಷ್ಟು ಮೇಲೆ, ಒಳ್ಳೆಯ ಕತ್ತರಿಯಿಂದ ಸ್ವಲ್ಪಸ್ವಲ್ಪವಾಗಿ ಕತ್ತರಿಸಬಹುದು. ಕೂದಲಿಗೆ ಜೀವವಿಲ್ಲದ್ದರಿಂದ ನೋವಾಗುವುದಿಲ್ಲ. ಕೆಳಗೆ ಹುಣ್ಣೋ ಕೀವೋ ಇದ್ದರೆ ಮಾತ್ರ ಆಸ್ಪತ್ರೆಯಲ್ಲಿ ಮಾಡಿಸಿ. ಆದರೆ ಯಾರ ಜಟೆಯನ್ನೂ ಬಲವಂತದಿಂದ, ನಿದ್ದೆಯಲ್ಲಿದ್ದಾಗ ಕತ್ತರಿಸಬೇಡಿ. ಅವರ ಭಯ ನಿಜವಾದದ್ದು. ಮರುದಿನ ಮನೆಯಲ್ಲಿ ಯಾರಿಗೋ ಜ್ವರ ಬಂದರೂ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಕೂತು ಮಾತನಾಡಿ, ಅವರು ‘ಸರಿ’ ಎನ್ನುವವರೆಗೆ ಕಾಯಿರಿ. ಜಟೆಯ ಹಿಂದೆ ಮನೋವ್ಯಥೆ ಇದ್ದರೆ ಅದಕ್ಕೂ ಚಿಕಿತ್ಸೆ ಕೊಡಿಸಿ.

ಕೇಳಿಬರುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಲಾಕ್ಸ್ ಬೇಡವೆನಿಸಿದರೆ ಬಿಚ್ಚಬಹುದೇ?

ಉತ್ತರ: ಹೊಸೆದ ಹುರಿಗಳನ್ನು ಕಂಡಿಷನರ್ ಹಚ್ಚಿ, ತುದಿಯಿಂದ ಆರಂಭಿಸಿ ತಾಳ್ಮೆಯಿಂದ ಬಿಚ್ಚಬಹುದು, ದಿನಗಟ್ಟಲೆ ಹಿಡಿಯುತ್ತದೆ. ಹಲವು ಸಲ ಲ್ಯಾಚ್ ಮಾಡಿದ ಬುಡವನ್ನು ಬಿಚ್ಚುವುದು ಬಹಳ ಕಷ್ಟ. ಹೆಚ್ಚಿನವರು ಕತ್ತರಿಸಿ ಹೊಸದಾಗಿ ಬೆಳೆಸುತ್ತಾರೆ. ಆಗ ತಿಂಗಳುಗಟ್ಟಲೆ ಒಳಗೇ ಉಳಿದಿದ್ದ ಉದುರಿದ ಕೂದಲೆಲ್ಲ ಒಮ್ಮೆಗೇ ಹೊರಬರುತ್ತದೆ. ಗಾಬರಿ ಬೇಡ.

ಪ್ರಶ್ನೆ: ಬಾಣಂತಿಯರು ಲ್ಯಾಚ್ ಮಾಡಿಕೊಳ್ಳಬಹುದೇ?

ಉತ್ತರ: ಹೆರಿಗೆಯಾದ ಸುಮಾರು ಮೂರು ತಿಂಗಳ ನಂತರ ಕೂದಲು ಹೆಚ್ಚು ಉದುರುತ್ತದೆ. ಟೈಫಾಯ್ಡ್, ಡೆಂಗಿಯಂಥ ದೊಡ್ಡ ಜ್ವರಗಳ ನಂತರವೂ ಹೀಗೇ. ಅದು ತಾನಾಗಿ ನಿಲ್ಲುತ್ತದೆ. ಆ ಅವಧಿಯಲ್ಲಿ ಬುಡದಲ್ಲಿ ಉಳಿದ ಕೂದಲು ಕಡಿಮೆ, ಹುರಿಯ ಭಾರ ಅಷ್ಟೇ. ಲ್ಯಾಚಿಂಗ್ ಬಿಟ್ಟು, ಬೆರಳಿನಿಂದ ಹಗುರವಾಗಿ ಹೊಸೆಯುವುದು ಒಳ್ಳೆಯದು.

ಪ್ರಶ್ನೆ: ಲಾಕ್ಸ್‌ನಲ್ಲಿ ಹೇನಾದರೆ ತಲೆ ಬೋಳಿಸಲೇಬೇಕೇ?

ಉತ್ತರ: ಬೇಕಿಲ್ಲ. ಹೇನು ಇರುವುದು ಚರ್ಮದ ಬಳಿ. ವೈದ್ಯರು ಹೇಳಿದ ಪರ್ಮೆಥ್ರಿನ್ ಲೋಶನ್ ಬುಡಕ್ಕೆ ತಾಗುವಂತೆ ಹಚ್ಚಿ, ಒಂದು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ನೋಡಬೇಕು. ಗುಣವಾಗುವವರೆಗೆ ಬುಡ ಕಟ್ಟಬೇಡಿ.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಲ್ಯಾಚಿಂಗ್ ಮಾಡಬಹುದೇ?

ಉತ್ತರ: ಮಕ್ಕಳ ಕೂದಲು ನವಿರು, ಬೇರು ಎಳಸು. ನೋವಾದರೂ ಹಿರಿಯರಿಗೆ ಹೆದರಿ ಸುಮ್ಮನಿರುತ್ತಾರೆ. ಅವರಿಗೆ ಬೇಡ. ಮಗುವಿನ ತಲೆಯಲ್ಲಿ ಕೂದಲು ಮುರಿದ, ಹೊಟ್ಟು ಕವಿದ ದುಂಡು ಮಚ್ಚೆ ಕಂಡರೆ ಅದು ಹುಳುಕಡ್ಡಿ ಇರಬಹುದು. ಅದು ಶಾಂಪೂವಿಗೆ ಹೋಗುವುದಿಲ್ಲ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧ ಬೇಕು.

ಕೊನೆಯದಾಗಿ, ಮನೆಯಲ್ಲಿ ಮಗನೋ ಮಗಳೋ ಲಾಕ್ಸ್ ಬಿಟ್ಟು ಬಂದರೆ ಜಗಳಕ್ಕೆ ಮೊದಲು ಬೆಳಕಿನಲ್ಲಿ ಕೂರಿಸಿ ಅವರ ತಲೆಯ ಬುಡ ನೋಡಿ. ಚರ್ಮ ಸ್ವಚ್ಛವಾಗಿದ್ದು, ಬುಡ ಬಾಗುವಂತಿದ್ದು, ನೋವಿಲ್ಲದಿದ್ದರೆ ಆರೋಗ್ಯದ ದೃಷ್ಟಿಯಿಂದ ಚಿಂತಿಸಬೇಕಾದದ್ದು ಏನೂ ಇಲ್ಲ. ಬುಡ ಬಿಗಿದಿದ್ದರೆ ಸಡಿಲಿಸಲು ನೀವೇ ಕೈ ಜೋಡಿಸಿ. ಹಿಂದಲೆಯ ಹುರಿಗಳು ಅವರ ಕೈಗೆ ಎಟುಕುವುದಿಲ್ಲ.